ಬಲಿಚಕ್ರವರ್ತಿಗೆ ಯಾವ ದಿನ ರಜೆ? ನೆರೆರಾಜ್ಯಗಳ ಸಾರ್ವತ್ರಿಕ ರಜೆಗಳ ಚರಿತ್ರೆ

2024ರ ದೀಪಾವಳಿಗೆ ಕರ್ನಾಟಕದ ರಜಾಪಟ್ಟಿಯಲ್ಲಿ ಎರಡು ದಿನಗಳಿದ್ದವು: ಅಕ್ಟೋಬರ್ 31ರ ನರಕ ಚತುರ್ದಶಿ ಮತ್ತು ನವೆಂಬರ್ 2ರ ಬಲಿಪಾಡ್ಯಮಿ. ನಡುವಿನ ದಿನ ರಾಜ್ಯೋತ್ಸವ. ಮಹಾರಾಷ್ಟ್ರದಲ್ಲಿ ನವೆಂಬರ್ 1ರ ಲಕ್ಷ್ಮೀಪೂಜೆ ಮತ್ತು 2ರ ಬಲಿಪ್ರತಿಪದೆ. ತಮಿಳುನಾಡು ಮತ್ತು ಕೇರಳಗಳ ವಾರ್ಷಿಕ ಪಟ್ಟಿಗಳಲ್ಲಿ ಅಕ್ಟೋಬರ್ 31 ಮಾತ್ರ. ಹಬ್ಬ ಒಂದೇ, ಪಂಚಾಂಗದಲ್ಲಿ ಅದಕ್ಕಿರುವ ತಿಥಿಗಳೂ ಅವೇ. ಹೀಗಿದ್ದೂ ಕಚೇರಿಗೆ ಬೀಗ ಬೀಳುವ ದಿನ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಇದನ್ನು ಧರ್ಮದ ಅಥವಾ ಭಾಷೆಯ ವ್ಯತ್ಯಾಸವೆಂದು ವಿವರಿಸಿ ಮುಗಿಸುವುದು ವಾಡಿಕೆ. ಆದರೆ ಪಟ್ಟಿಗಳನ್ನು ಜೋಡಿಸಿಟ್ಟು ಓದಿದಾಗ ಕಾಣುವುದು ಬೇರೆ. ಒಂದು ಪ್ರದೇಶ ದಿನವನ್ನು ಯಾವ ಲೆಕ್ಕದಲ್ಲಿ ಎಣಿಸುತ್ತದೆ, ಮತ್ತು ಆ ಪ್ರದೇಶ ಯಾವ ಆಡಳಿತದ ಪಾಲಿಗೆ ಬಂತು ಎಂಬ ಎರಡು ಸಂಗತಿಗಳೇ ರಜೆಯ ಗಡಿಯನ್ನು ಎಳೆದಿವೆ.

ಸಾರ್ವತ್ರಿಕ ರಜೆಗೆ ನಮ್ಮಲ್ಲಿರುವ ಕಾನೂನಿನ ಆಧಾರ ಹಬ್ಬದ ಕಾನೂನಲ್ಲ, ಹುಂಡಿಯ ಕಾನೂನು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಪ್ರಕಾರ, ಹಣ ತೆರಬೇಕಾದ ಗಡುವು ಸಾರ್ವಜನಿಕ ರಜಾದಿನದಂದು ಬಿದ್ದರೆ ಅದರ ಹಿಂದಿನ ವ್ಯವಹಾರದ ದಿನವೇ ಹಣ ಸಲ್ಲಬೇಕು. ಹಾಗಾದರೆ ರಜೆ ಯಾವುದು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಮೂಲ ಕಾಯ್ದೆ ಭಾನುವಾರ, ಹೊಸವರ್ಷದ ದಿನ, ಕ್ರಿಸ್‌ಮಸ್, ಗುಡ್ ಫ್ರೈಡೇಗಳನ್ನು ಹೆಸರಿಸಿ, ಉಳಿದ ದಿನಗಳನ್ನು ಸ್ಥಳೀಯ ಸರ್ಕಾರ ಗೆಜೆಟ್ಟಿನಲ್ಲಿ ಘೋಷಿಸಬಹುದು ಎಂದಿತು. ಆಳುವವರ ಹಬ್ಬಗಳು ಕಾಯ್ದೆಯ ಒಳಗೇ ಕುಳಿತವು. ಆಳಿಸಿಕೊಳ್ಳುವವರ ಹಬ್ಬಗಳು ವರ್ಷವರ್ಷವೂ ಅಧಿಸೂಚನೆಗೆ ಕಾಯಬೇಕಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಪರಿಣಾಮವೆಂದರೆ, ಘೋಷಿಸುವ ಅಧಿಕಾರ ಸ್ಥಳೀಯ ಸರ್ಕಾರದ್ದಾದ್ದರಿಂದ ಮುಂಬಯಿ ಪ್ರಾಂತದ ಧಾರವಾಡಕ್ಕೂ ಮದ್ರಾಸ್ ಪ್ರಾಂತದ ಮಂಗಳೂರಿಗೂ ರಜೆ ಬೇರೆ ಬೇರೆ ಕಚೇರಿಗಳಿಂದ ಬರತೊಡಗಿತು. ಒಂದೇ ಕೆನರಾ ಜಿಲ್ಲೆಯಾಗಿದ್ದ ಕರಾವಳಿಯ ಉತ್ತರ ಭಾಗ 1862ರಲ್ಲೇ ಮುಂಬಯಿಗೆ ಸೇರಿದ್ದರಿಂದ, ಕಾರವಾರ ಮತ್ತು ಕುಂದಾಪುರಗಳ ನಡುವೆಯೂ ಈ ಗಡಿ ಬಂತು.

ಭಾನುವಾರದ ಕಥೆ ಬೇರೆ. ಅದು ಕಚೇರಿಗಳಿಗೆ ಆಳುವವರಿಂದ ಬಂದಿತಾದರೂ ಕೂಲಿಕಾರರಿಗೆ ಹೋರಾಟದಿಂದಲೇ ಬರಬೇಕಾಯಿತು. ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. 1884ರಿಂದ ಅವರು ನಡೆಸಿದ ಒತ್ತಾಯಕ್ಕೆ ಮಣಿದು 1890ರಲ್ಲಿ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆ ಅದನ್ನು ಕಾನೂನಿನ ಮಾತಾಗಿಸಿತು. ಭಾನುವಾರ ಖಂಡೋಬನ ವಾರವೂ ಹೌದು, ಅಂದರೆ ನಮ್ಮ ಮೈಲಾರಲಿಂಗನ ವಾರ. ಇಂಗ್ಲಿಷರ ದಿನವೆಂದು ನಾವು ಬಗೆಯುವ ದಿನಕ್ಕೆ ದುಡಿಯುವವರು ಕೊಟ್ಟ ಇನ್ನೊಂದು ಅರ್ಥವಿದೆ. ರಜೆಯ ಚರಿತ್ರೆ ಬರೆಯುವವರು ಅದನ್ನು ಬಿಡಬಾರದು.

ಸ್ವಾತಂತ್ರ್ಯದ ನಂತರ ಎರಡು ಎಳೆತಗಳು ಒಟ್ಟಿಗೇ ನಡೆದವು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕಗೊಂಡಿತು. ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿವೆ ಎಂಬುದೇ ಅದರ ಮುಂದಿದ್ದ ಸಮಸ್ಯೆ. 1955ರಲ್ಲಿ ವರದಿ ಬಂತು, 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಯಾಯಿತು. ಅದೇ 1957ರಲ್ಲಿ ಕೇಂದ್ರ ಸರ್ಕಾರ 1881ರ ಕಾಯ್ದೆಯಡಿ ರಜೆ ಘೋಷಿಸುವ, ಅಷ್ಟರಲ್ಲಿ ತನ್ನ ಕೈ ಸೇರಿದ್ದ ಅಧಿಕಾರವನ್ನು ರಾಜ್ಯಗಳಿಗೆ ವಹಿಸಿಕೊಟ್ಟಿತು. ಕಾಲವನ್ನು ಒಂದಾಗಿಸುವ ಪ್ರಯತ್ನವೂ ರಜೆಯನ್ನು ಹಂಚುವ ತೀರ್ಮಾನವೂ ಒಂದೇ ವರ್ಷದವು. ಗೆದ್ದದ್ದು ಎರಡನೆಯದು. ರಾಷ್ಟ್ರೀಯ ಪಂಚಾಂಗ ಆಕಾಶವಾಣಿಯಲ್ಲಿ, ಸರ್ಕಾರಿ ಕಾಗದಪತ್ರಗಳ ದಿನಾಂಕದಲ್ಲಿ ಉಳಿಯಿತು. ಹಬ್ಬಗಳು ಮಠದ ಪಂಚಾಂಗವನ್ನೂ ಮನೆಯ ರೂಢಿಯನ್ನೂ ಬಿಡಲಿಲ್ಲ.

ಆ ಹೊತ್ತಿಗೆ ರಾಜ್ಯಗಳ ಗಡಿಯೂ ಬದಲಾಗಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು, ಉಳಿದ ಜಿಲ್ಲೆ ವಿಶಾಲ ಮೈಸೂರಿಗೆ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ರಜೆಯ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು. ಕಾಸರಗೋಡು, ಮಂಜೇಶ್ವರದ ತುಳುವರು, ಕನ್ನಡಿಗರು ದೀಪಾವಳಿಯಲ್ಲಿ ಬಲೀಂದ್ರನನ್ನು ಕೂಗಿ ಕರೆಯುವವರು. ಅಂಗಳದಲ್ಲಿ ಕಂಬ ನೆಟ್ಟು, ದೀಪವಿಟ್ಟು, ಭೂಮಿ ಕಳೆದುಕೊಂಡ ಅರಸನನ್ನು ವರ್ಷಕ್ಕೊಮ್ಮೆ ಬರಮಾಡಿಕೊಳ್ಳುವ ಹಬ್ಬ ಅದು. ಕೇರಳದ ಓಣಂ ಕೂಡ ಅದೇ ಬಲಿಯನ್ನು ಬರಮಾಡಿಕೊಳ್ಳುವ ಹಬ್ಬ. ಸಿಂಹ ಮಾಸದ ತಿರುವೋಣಂ, ಅಂದರೆ ಶ್ರವಣ ನಕ್ಷತ್ರದ ದಿನ ಅಲ್ಲಿ ಬಲಿ ಬರುತ್ತಾನೆ. ಅದರ ಹಿಂದುಮುಂದಿನ ದಿನಗಳನ್ನೂ ಕೂಡಿಸಿ ಕೇರಳ ನಾಲ್ಕು ದಿನ ರಜೆ ಕೊಡುತ್ತದೆ. ಕಾರ್ತೀಕ ಶುದ್ಧ ಪಾಡ್ಯಕ್ಕೆ ಮಾತ್ರ ಅಲ್ಲಿ ರಜೆಯಿಲ್ಲ. ಹೀಗೆ ಮಂಜೇಶ್ವರದ ಮನೆಯವರಿಗೆ ನೆರೆಯವರ ಬಲಿಗೆ ನಾಲ್ಕು ದಿನ ರಜೆ ಸಿಗುತ್ತದೆ, ತಮ್ಮ ಬಲಿಗೆ ಸಿಗುವುದಿಲ್ಲ. ತಲಪಾಡಿಯ ಗಡಿ ದಾಟಿದರೆ ಇದು ತಿರುಗುಮುರುಗು.

ಇದರಲ್ಲಿ ಯಾರ ದ್ವೇಷವೂ ಇಲ್ಲ. ಪಟ್ಟಿಯನ್ನು ರಾಜಧಾನಿ ಬರೆಯುತ್ತದೆ, ರಾಜಧಾನಿಗೆ ತನ್ನ ನಡುನಾಡಿನ ರೂಢಿಯೇ ರಾಜ್ಯದ ರೂಢಿಯಾಗಿ ಕಾಣುತ್ತದೆ ಎಂದು ನನ್ನ ಓದು. ಕರ್ನಾಟಕ ದೀಪಾವಳಿಯಲ್ಲಿ ನಡುವಿನ ಅಮಾವಾಸ್ಯೆಯನ್ನು ಬಿಟ್ಟು ಎರಡು ಅಂಚಿನ ದಿನಗಳನ್ನು ಆರಿಸಿಕೊಂಡಿರುವುದೂ ಹೀಗೆಯೇ ಅರ್ಥವಾಗುತ್ತದೆ. ಎಣ್ಣೆಸ್ನಾನದ ಚತುರ್ದಶಿ ಮನೆಯ ಹಬ್ಬ. ಪಾಡ್ಯ ಒಕ್ಕಲು ಮಕ್ಕಳ ಹಬ್ಬ: ಮಲೆನಾಡಿನ ಅಂಟಿಗೆ ಪಂಟಿಗೆ, ಉತ್ತರ ಕರ್ನಾಟಕದ ಸಗಣಿಯ ಪಾಂಡವರು, ಗೋಪೂಜೆ ಎಲ್ಲವೂ ಪಾಡ್ಯದ ಸುತ್ತಲಿನವು. ಅಮಾವಾಸ್ಯೆಯ ಲಕ್ಷ್ಮೀಪೂಜೆ ಅಂಗಡಿಯವರದು. ವ್ಯಾಪಾರದ ಮುಂಬಯಿ ರಾಜಧಾನಿಯಾಗಿರುವ ರಾಜ್ಯ ಲಕ್ಷ್ಮೀಪೂಜೆಯನ್ನು ಹಿಡಿದಿರುವುದು ಆಕಸ್ಮಿಕ ಎನಿಸುವುದಿಲ್ಲ.

ವರ್ಷಾರಂಭದಲ್ಲಿ ಗೊಂದಲ ಇನ್ನೂ ಹೆಚ್ಚು. ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳ ಅಧಿಕೃತ ಪಟ್ಟಿ ಚಾಂದ್ರಮಾನದ ಯುಗಾದಿಯನ್ನು ಒಪ್ಪಿದೆ. ತಮಿಳರ ಪುತ್ತಾಂಡು, ಮಲೆಯಾಳಿಗಳ ವಿಷು, ತುಳುವರ ಬಿಸು ಸೌರಮಾನದವು, ಏಪ್ರಿಲ್ 14ರ ಆಸುಪಾಸಿಗೆ ಬರುತ್ತವೆ. ಕೇರಳ ಯುಗಾದಿಗೆ ಸಾರ್ವತ್ರಿಕ ರಜೆ ಕೊಡುವುದಿಲ್ಲ. ತಮಿಳುನಾಡು ಮಾತ್ರ ಅದನ್ನು ತೆಲುಗು ಹೊಸವರ್ಷವೆಂಬ ಹೆಸರಿನಲ್ಲಿ ಪಟ್ಟಿಗೆ ಸೇರಿಸಿದೆ. ಹೊಸೂರಿನ ಕನ್ನಡಿಗರಿಗೂ ಆ ಹೆಸರಿನಡಿಯಲ್ಲೇ ರಜೆ ದೊರೆಯುತ್ತದೆ. ಅಲ್ಪಸಂಖ್ಯಾತ ಭಾಷಿಕರ ಹಬ್ಬವನ್ನು ಇಡೀ ರಾಜ್ಯದ ರಜೆಯಾಗಿ ಮಾಡಿದ ಈ ಔದಾರ್ಯವನ್ನು ಮಿಕ್ಕ ರಾಜ್ಯಗಳು ಗಮನಿಸಬೇಕು. ಇನ್ನು ಮಂಗಳೂರು, ಉಡುಪಿಯ ತುಳುವರಿಗೆ ಬಿಸುವಿನ ದಿನ ಬಿಡುವು ಸಿಗುವುದು ಹೆಚ್ಚಾಗಿ ಅಂಬೇಡ್ಕರ್ ಜಯಂತಿಯ ಹೆಸರಿನಲ್ಲಿ. ಸಂಕ್ರಮಣ ಒಂದು ದಿನ ಜರುಗಿ ಬಿಸು 15ಕ್ಕೆ ಬಿದ್ದ ವರ್ಷ ಆ ಅನುಕೂಲವೂ ತಪ್ಪುತ್ತದೆ.

ಮಹನೀಯರ ಜಯಂತಿಗಳನ್ನು ನೋಡಿದರೆ ಹುಟ್ಟಿದ ದಿನ ಎಣಿಸುವ ಮೂರು ಕ್ರಮಗಳು ಎದುರಾಗುತ್ತವೆ. ಬಸವಣ್ಣನವರ ಜಯಂತಿ ವೈಶಾಖದ ಅಕ್ಷಯ ತದಿಗೆಗೆ, ವಾಲ್ಮೀಕಿ ಜಯಂತಿ ಆಶ್ವಯುಜ ಹುಣ್ಣಿಮೆಗೆ: ತಿಥಿಯ ಲೆಕ್ಕ. ಕೇರಳದಲ್ಲಿ ನಾರಾಯಣ ಗುರುಗಳ ಜಯಂತಿ ಸಿಂಹ ಮಾಸದ ಶತಭಿಷಾ ನಕ್ಷತ್ರಕ್ಕೆ. ಅಂಬೇಡ್ಕರ್ ಮತ್ತು ಗಾಂಧಿ ಜಯಂತಿಗಳು ಇಂಗ್ಲಿಷ್ ತಾರೀಖಿಗೆ. ಬಸವ ಜಯಂತಿ ಸರ್ಕಾರದಿಂದ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು ಅದನ್ನು ಸಾರ್ವಜನಿಕ ಉತ್ಸವವಾಗಿ ನಡೆಸಿದರು. ಸಮುದಾಯ ಬೀದಿಗೆ ತಂದ ಹಬ್ಬವನ್ನೇ ರಾಜ್ಯಪತ್ರ ಆಮೇಲೆ ಗುರುತಿಸಿತು.

ಕೃಷ್ಣ ಜನ್ಮಾಷ್ಟಮಿ ಕರ್ನಾಟಕದಲ್ಲಿ ಪರಿಮಿತ ರಜೆ, ತಮಿಳುನಾಡಿನಲ್ಲಿ ಸಾರ್ವತ್ರಿಕ ರಜೆ. ಕೃಷ್ಣಮಠವಿರುವ ರಾಜ್ಯ ಅದನ್ನು ಪರಿಮಿತಗೊಳಿಸಿರುವುದು ಮೊದಲಿಗೆ ಅಚ್ಚರಿ ತರುತ್ತದೆ. ಆದರೆ ಉಡುಪಿ ಆಚರಿಸುವುದು ಸೌರಮಾನದ ಸಿಂಹ ಮಾಸದ ಅಷ್ಟಮಿಯನ್ನು. ಕೆಲವು ವರ್ಷ ಅದು ಉಳಿದ ನಾಡಿನ ಅಷ್ಟಮಿಗಿಂತ ಸುಮಾರು ಒಂದು ತಿಂಗಳು ತಡ. ಯಾವ ದಿನವನ್ನು ಘೋಷಿಸಿದರೂ ಒಂದು ಪಾಲಿನ ಭಕ್ತರಿಗೆ ಅದು ತಪ್ಪು ದಿನವೇ ಆಗುತ್ತದೆ.

ಚಂದ್ರದರ್ಶನದಿಂದ ನಿರ್ಧಾರವಾಗುವ ಈದ್ ಹಬ್ಬಗಳಲ್ಲೂ ಕರಾವಳಿಯ ನಂಟು ಕೇರಳದ ಕಡೆಗಿದೆ. ಕಲ್ಲಿಕೋಟೆಯ ಕಡೆ ಚಂದ್ರ ಕಂಡರೆ ದಕ್ಷಿಣ ಕನ್ನಡ, ಉಡುಪಿಯ ಮುಸ್ಲಿಮರು ಮರುದಿನವೇ ಹಬ್ಬ ಮಾಡುತ್ತಾರೆ. ಬೆಂಗಳೂರು ಇನ್ನೊಂದು ದಿನ ಕಾದಿರುವುದುಂಟು. ಕರ್ನಾಟಕದ ಅಧಿಸೂಚನೆಯಲ್ಲಿ ಇದಕ್ಕೊಂದು ಒಳ್ಳೆಯ ಅವಕಾಶವಿದೆ: ಘೋಷಿಸಿದ ದಿನ ಹಬ್ಬ ಬಾರದಿದ್ದರೆ, ಅದು ನಿಜವಾಗಿ ಬಂದ ದಿನ ಮುಸ್ಲಿಂ ನೌಕರರಿಗೆ ರಜೆ ಕೊಡಬಹುದು. ಆಕಾಶದ ಲೆಕ್ಕಕ್ಕೆ ಆಡಳಿತ ತಾನಾಗಿ ಬಾಗಿದ ಸಾಲು ಇದು.

ಹಾಗೆ ಬಾಗಿದ ಇನ್ನೊಂದು ಸಾಲು ಕೊಡಗಿನದು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ, ಸುಗ್ಗಿಯ ಹುತ್ತರಿ: ಈ ಮೂರನ್ನು ಕೊಡಗು ಜಿಲ್ಲೆಗೆ ಮಾತ್ರ ಅನ್ವಯವಾಗುವ ಸ್ಥಳೀಯ ರಜೆಗಳೆಂದು ರಾಜ್ಯದ ಪಟ್ಟಿಯೇ ಹೆಸರಿಸುತ್ತದೆ. ಕೊಡಗು 1834ರಿಂದ ಪ್ರತ್ಯೇಕ ಆಡಳಿತ ಘಟಕ, 1952ರಿಂದ 1956ರವರೆಗೆ ತನ್ನದೇ ವಿಧಾನಸಭೆ ಮತ್ತು ಮಂತ್ರಿಮಂಡಲವಿದ್ದ ರಾಜ್ಯ. ವಿಲೀನಕ್ಕೆ ಬರುವಾಗ ಅದು ಒಂದು ಸರ್ಕಾರವಾಗಿ ಬಂತು, ತುಳುನಾಡು ಮದ್ರಾಸಿನ ಜಿಲ್ಲೆಯಾಗಿ ಬಂತು. ಹುತ್ತರಿಗೆ ಸಿಕ್ಕ ಮನ್ನಣೆ ಬಿಸುವಿಗೆ ಸಿಗದಿರುವುದಕ್ಕೆ ಇದೇ ಕಾರಣವೆಂದು ನಾನು ತಿಳಿಯುತ್ತೇನೆ. ಬಿಸುವನ್ನು ನಂಬಿ ನಡೆಯುವವರ ಸಂಖ್ಯೆ ಕಡಿಮೆಯೆಂದೇನೂ ಅಲ್ಲವಲ್ಲ.

ರಾಜ್ಯಗಳು ತಮ್ಮ ಹುಟ್ಟುದಿನವನ್ನು ನಡೆಸಿಕೊಂಡ ರೀತಿಯಲ್ಲೂ ಇದೇ ಭಿನ್ನತೆಯಿದೆ. ಕರ್ನಾಟಕವೂ ಕೇರಳವೂ ನವೆಂಬರ್ 1ರಂದೇ ಹುಟ್ಟಿದವು. ಕೇರಳದಲ್ಲಿ ಅದು ರಜೆಯಲ್ಲ. ನಮ್ಮಲ್ಲಿ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಮೇ 1ರ ಸಾಲಿನಲ್ಲೇ ನವೆಂಬರ್ 1ನ್ನೂ ಇಟ್ಟಿದೆ. ಮಹಾರಾಷ್ಟ್ರ 1960ರ ಮೇ 1ರಂದು ಹುಟ್ಟಿದ್ದರಿಂದ ಅದರ ರಾಜ್ಯದ ದಿನವೂ ಕಾರ್ಮಿಕರ ದಿನವೂ ಒಂದೇ. ಒಕ್ಕೂಟದ ದಿನಗಳ ಪಕ್ಕದಲ್ಲಿ ಭಾಷೆಯ ದಿನವನ್ನು ಕರ್ನಾಟಕ ಕಾನೂನಾಗಿ ನಿಲ್ಲಿಸಿದ್ದರಿಂದ ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುವ ತಮಿಳರಿಗೂ ತೆಲುಗರಿಗೂ ಅಂದು ಸಂಬಳ ಸಹಿತ ಬಿಡುವು ಸಿಗುತ್ತದೆ.