ಮೀನುಗಳಿಗೆ ಉಸಿರು ಕಟ್ಟಿದಾಗ

ಹರಪನಹಳ್ಳಿಯ ಬಾಗಳಿಯಂಥ ಬಯಲುಸೀಮೆಯ ಊರಿಗೆ ಸಮುದ್ರ ಬಹು ದೂರ. ಆದರೆ ಬೇಸಿಗೆಯಲ್ಲಿ ಪಾಚಿಗಟ್ಟಿದ ಕೆರೆಯ ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುವುದನ್ನು ನೀವು ಕಂಡಿರಬಹುದು. ನೀರಿನಲ್ಲಿ ಕರಗಿದ ಆಮ್ಲಜನಕ ಸಾಲದು ಎಂಬುದರ ಲಕ್ಷಣವಿದು. ಕರಾವಳಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುವುದಕ್ಕೂ ಇದೇ ಒಂದು ಮುಖ್ಯ ಕಾರಣ.

ಇದು ಒಮ್ಮೆಗೇ ತಿಳಿದದ್ದಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಪಶ್ಚಿಮ ತೀರದ ಮೀನುಗಳ ಸಾವನ್ನು ಪರಿಶೀಲಿಸಿದರು. ಮಿತಿಮೀರಿ ಹೆಚ್ಚಿದ ಸೂಕ್ಷ್ಮಜೀವಿಯೊಂದು ಇದಕ್ಕೆ ಕಾರಣವೆಂದು 1917ರಲ್ಲಿ ಬರೆದರು. 1950ರಲ್ಲಿ ಬಿ.ಎಸ್. ಭೀಮಾಚಾರ್ ಮತ್ತು ಪಿ.ಸಿ. ಜಾರ್ಜ್ ಅವರು, ಮಲಬಾರ್ ಮತ್ತು ಕೆನರಾ ತೀರಗಳಲ್ಲಿ ಮೀನುಗಾರಿಕೆ ಥಟ್ಟನೆ ಕುಸಿಯಲು ಸಮುದ್ರದ ‘ಕೆಂಪು ನೀರು’ ಕಾರಣವಾಗಿರಬಹುದೆಂದರು.

ಈ ಜೀವಿಗಳು ಅಷ್ಟೊಂದು ಹೆಚ್ಚುವುದೇಕೆ? ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣೀರು ತೀರದತ್ತ ಮೇಲೇರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪೋಷಕಾಂಶ ಉಂಡು ಸಸ್ಯಪ್ಲವಕಗಳು ಬೆಳೆಯುತ್ತವೆ. ಬೂತಾಯಿ ಮೀನಿನ ಸುಗ್ಗಿಗೆ ಅವೇ ಆಧಾರ. ಆದರೆ ಬೆಳೆ ಅತಿಯಾದಾಗ, ಸತ್ತ ಪ್ಲವಕಗಳು ತಳಕ್ಕಿಳಿದು ಕೊಳೆಯುತ್ತವೆ. ಕೊಳೆಸುವ ಬ್ಯಾಕ್ಟೀರಿಯಗಳು ಉಳಿದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಮೇಲೆ ಮಳೆನೀರಿನ ಹಗುರ ಪದರ ಮುಚ್ಚಳದಂತೆ ಕೂತಿರುವುದರಿಂದ ಗಾಳಿಯ ಆಮ್ಲಜನಕ ಸುಲಭವಾಗಿ ಕೆಳಗಿಳಿಯದು. ಕೊನೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದೂ ಉಂಟು. ಮೀನಿಗೆ ಅದು ವಿಷ. ಹೀಗೆ, ಸುಗ್ಗಿ ತರುವ ನೀರೇ ಸಾವನ್ನೂ ತರಬಲ್ಲದು.

ಇಂಥ ಉಸಿರುಗಟ್ಟಿಸುವ ನೀರು ಭಾರತದ ಪಶ್ಚಿಮ ತೀರದಲ್ಲಿ ಸುಮಾರು 1,80,000 ಚದರ ಕಿಲೋಮೀಟರ್ ಹರಡುತ್ತದೆಂದು ವಿಜ್ಞಾನಿಗಳ ಅಂದಾಜು. ಹೆಚ್ಚುಕಡಿಮೆ ಕರ್ನಾಟಕದಷ್ಟೇ ವಿಸ್ತಾರ! ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು, ಈ ಕೊರತೆ ತೀವ್ರವಾಗುತ್ತಿದೆಯೆಂದೂ ನೆಲದಿಂದ ಬರುವ ಸಾರಜನಕ ಅದಕ್ಕೆ ಕಾರಣವಾಗಿರಬಹುದೆಂದೂ 2000ದಲ್ಲಿ ಬರೆದರು. ಸಾರಜನಕವೆಂದರೆ ಹೊಲದ ಗೊಬ್ಬರ, ಪಟ್ಟಣದ ಚರಂಡಿ. ಇದರಲ್ಲಿ ಪ್ರಕೃತಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಿಮ್ಮ ಹೊಲದ ಮೇಲೆ ಹರಿದ ಮಳೆನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಆದ್ದರಿಂದ ಸಮುದ್ರ ನಿಮಗೂ ಸಂಬಂಧಿಸಿದ್ದೇ. ಕೆರೆಯಲ್ಲಿ ಮೀನು ಸತ್ತರೆ ‘ಯಾರೋ ವಿಷ ಹಾಕಿದರು’ ಎಂದು ಕೂಡಲೇ ತೀರ್ಮಾನಿಸಬೇಡಿ. ಸೂರ್ಯೋದಯಕ್ಕೆ ಮೊದಲು ನೀರಿನ ಮಾದರಿ ತೆಗೆದು, ಅಧ್ಯಾಪಕರ ನೆರವಿನಿಂದ ಅದರ ಆಮ್ಲಜನಕವನ್ನು ಅಳೆಯಿರಿ. ಆಮೇಲೆ ಕಾರಣ ಹುಡುಕಿರಿ.