ಕನ್ನಡ ವಿಕಿಪೀಡಿಯ: ನಿರ್ವಹಣೆ ಮತ್ತು ದೂರುಗಳ ಇತಿಹಾಸ

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಇಲ್ಲಿ ಬರೆಯುವವರು, ತಪ್ಪು ಕಂಡರೆ ದೂರುವವರು, ದೂರು ನೋಡಿ ತೀರ್ಮಾನ ಹೇಳುವವರು ಬಹುತೇಕ ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಪುಟ ಅಳಿಸುವ, ಸದಸ್ಯರನ್ನು ತಡೆಹಿಡಿಯುವ ಅಧಿಕಾರ ಮಾತ್ರ ಸಮುದಾಯ ಆರಿಸಿದ ‘ನಿರ್ವಾಹಕ’ರದು. ಮೊದಲ ವರ್ಷಗಳಲ್ಲಿ ಈ ಹೊಣೆ ಹೊತ್ತವರಲ್ಲಿ ಹರಿಪ್ರಸಾದ್ ನಾಡಿಗ್ ಪ್ರಮುಖರು.

ತಕರಾರು, ಸಲಹೆಗಳೆಲ್ಲ ಬರುವುದು ‘ಅರಳಿ ಕಟ್ಟೆ’ ಎಂಬ ಚರ್ಚಾಪುಟಕ್ಕೆ. ಊರ ಕಟ್ಟೆಯ ಮಾತು ಗಾಳಿಗೆ ಹೋಗುತ್ತದೆ, ಇಲ್ಲಿಯದು ಹೋಗುವುದಿಲ್ಲ. ಪ್ರತಿ ತಿದ್ದುಪಡಿ ಪುಟದ ಇತಿಹಾಸದಲ್ಲಿ, ನಿರ್ವಾಹಕರು ಅಳಿಸಿದ್ದು, ತಡೆದದ್ದು ದಿನಚರಿಯಲ್ಲಿ ತಾರೀಖಿನ ಸಮೇತ ಉಳಿಯುತ್ತದೆ. ಪಕ್ಷಪಾತವಾಯಿತೆಂದು ದೂರುವವರಿಗೂ ಅಲ್ಲವೆನ್ನುವವರಿಗೂ ಸಾಕ್ಷಿ ಅದೇ.

2009ರ ಹೊತ್ತಿಗೆ ಗೂಗಲ್ ತನ್ನ ಅನುವಾದ ಉಪಕರಣ ಬಳಸಿ, ಹಣ ಕೊಟ್ಟು ಇಟ್ಟುಕೊಂಡ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ತರಿಸತೊಡಗಿತು. ಬಂಗಾಳಿ ಸಮುದಾಯ ಇವು ಬೇಡವೆಂದಿತು. ಕನ್ನಡಕ್ಕೆ ಉದ್ದುದ್ದ, ಓದಲು ತಿಣುಕಬೇಕಾದ ಪುಟಗಳು ಬಂದು ಸೇರಿದವು. ಅಳಿಸಿದರೆ ಮಾಹಿತಿ ಹೋಗುತ್ತದೆ, ಉಳಿಸಿದರೆ ಕನ್ನಡ ಕೆಡುತ್ತದೆ. ಬರೆದವರು ಕೆಲಸ ಮುಗಿಸಿ ಹೋಗಿದ್ದರಿಂದ ದೂರಿಗೆ ಉತ್ತರ ಹೇಳುವವರೂ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ವಿದ್ಯಾರ್ಥಿಗಳ ಪ್ರಶ್ನೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ನಡೆದ ಇಂಗ್ಲಿಷ್ ವಿಕಿಪೀಡಿಯ ಬರವಣಿಗೆಯ ಯೋಜನೆ ಕೃತಿಚೌರ್ಯದಿಂದಾಗಿ ಅರ್ಧಕ್ಕೇ ನಿಂತಿತ್ತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಇಂಥದೇ ಕೆಲಸ ಭಾರತೀಯ ಭಾಷೆಗಳಲ್ಲಿ ಶುರುವಾಯಿತು. ಕನ್ನಡವನ್ನು ದ್ವಿತೀಯ ಭಾಷೆಯಾಗಿ ಓದುವವರು ಮೊದಲು ತಮ್ಮ ‘ಪ್ರಯೋಗಪುಟ’ದಲ್ಲಿ ಬರೆಯುವ ಪದ್ಧತಿ ಬಂತು. ಒಳ್ಳೆಯ ಏರ್ಪಾಡು. ತಿದ್ದುವ ಮಾತು ಅಲ್ಲೇ ಮುಗಿದರೆ ಹುಡುಗರ ಬರಹಕ್ಕೆ ‘ಅಳಿಸಿ’ ಎಂಬ ಫಲಕ ಎಲ್ಲರೆದುರು ಬೀಳುವುದಿಲ್ಲ. ಆದರೆ ಅಂಕಕ್ಕಾಗಿ ಬರೆದವರು ಪರೀಕ್ಷೆ ಮುಗಿದ ಮೇಲೆ ಚರ್ಚಾಪುಟದತ್ತ ತಿರುಗಿ ನೋಡುವುದು ಅಪರೂಪ. ತಮ್ಮ ಲೇಖನ ಏಕೆ ಹೋಯಿತೆಂಬುದು ಅವರಿಗೆ ತಿಳಿಯದೇ ಉಳಿಯಬಹುದು. ವಿವರಣೆ ಬರೆದಿಟ್ಟ ಮಾತ್ರಕ್ಕೆ ಅದು ತಲುಪಿದಂತಲ್ಲ.

ಹೊರಗಿನ ಒತ್ತಡ ಕಾನೂನಿನದು. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ದೂರು ಬಂದ ಮಾತ್ರಕ್ಕೆ ಜಾಲತಾಣಗಳು ಬರಹ ತೆಗೆಯಬೇಕಿಲ್ಲ, ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ಬೇಕು ಎಂದಿತು. ಆದರೆ 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಕುರಿತ ಇಂಗ್ಲಿಷ್ ಲೇಖನದ ವಿರುದ್ಧ ಮೊಕದ್ದಮೆ ಹೂಡಿದಾಗ, ಅದನ್ನು ತಿದ್ದಿದ ಮೂವರ ವಿವರ ಕೊಡುವಂತೆ ದೆಹಲಿ ಹೈಕೋರ್ಟ್ ಹೇಳಿತು. ಆ ಮೊಕದ್ದಮೆಯ ಬಗೆಗಿನ ಪುಟವನ್ನೇ ತೆಗೆಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮೇ 9ರಂದು ರದ್ದುಮಾಡಿತು. ಬಿಡುವಿನ ವೇಳೆಯಲ್ಲಿ ಪುಕ್ಕಟೆ ದುಡಿಯುವವರು ಕೋರ್ಟಿಗೆ ಉತ್ತರ ಹೇಳಬೇಕಾದೀತೆಂಬ ಅಳುಕು ಎಲ್ಲ ಭಾಷೆಯವರಿಗೂ ಒಂದೇ.

ಕನ್ನಡದಂಥ ಚಿಕ್ಕ ಸಮುದಾಯದಲ್ಲಿ ದೂರು ಕೊಟ್ಟವರೂ ತೀರ್ಪು ಹೇಳುವವರೂ ಪರಿಚಿತರೇ ಆಗಿರುತ್ತಾರೆ. ನಿರ್ವಾಹಕರ ಮೇಲೆಯೇ ದೂರಿದ್ದರೆ ವಿಚಾರಿಸಲು ಕನ್ನಡ ವಿಕಿಪೀಡಿಯದ್ದೇ ಆದ ಸಮಿತಿಯಿಲ್ಲ. ಎಲ್ಲ ವಿಕಿಗಳಿಗೂ ಸಾಮಾನ್ಯವಾದ ‘ಸ್ಟೀವರ್ಡ್’ಗಳಿಗೆ, ಇಲ್ಲವೇ ಸಾರ್ವತ್ರಿಕ ನೀತಿಸಂಹಿತೆಯ ಜಾರಿಗಾಗಿ 2024ರಲ್ಲಿ ಮೊದಲ ಬಾರಿ ಚುನಾಯಿತವಾದ ಸಮಿತಿಗೆ ಮೊರೆಯಿಡಬೇಕು. ಅಲ್ಲಿನ ಹೆಚ್ಚಿನವರಿಗೆ ಕನ್ನಡ ಬಾರದು. ಕನ್ನಡ ಪದವೊಂದರ ಜಗಳವನ್ನೂ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಬೇಕಾಗುತ್ತದೆ.