ಶಾಲೆ ಕಟ್ಟಿದ ಕೂಲಿಗಳು

ನಮ್ಮ ಶಿಕ್ಷಣ ಚರಿತ್ರೆಯಲ್ಲಿ ದಲಿತರು ಯಾವಾಗಲೂ ಪಡೆದವರೇ. ಕೊಟ್ಟವರು ಮಿಷನರಿ, ಮಹಾರಾಜ, ಸುಧಾರಕ. ಇದು ಅರ್ಧಸತ್ಯ.

1856ರಲ್ಲಿ ಧಾರವಾಡದ ಮಹಾರ್ ಹುಡುಗನೊಬ್ಬ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಮುಂಬೈ ಸರ್ಕಾರ ಸವರ್ಣರ ಮುಖ ನೋಡಿ ಕೈಚೆಲ್ಲಿತು. 1904ರಲ್ಲಿ ತಿರುವಾಂಕೂರಿನ ವೆಂಙಾನೂರಿನಲ್ಲಿ ಅಯ್ಯನ್‌ಕಾಳಿ ಮತ್ತು ಪುಲಯ ಕೂಲಿಗಳು ತಾವೇ ಗುಡಿಸಲು ಶಾಲೆ ಕಟ್ಟಿದರು. ಸವರ್ಣರು ಸುಟ್ಟರು, ಇವರು ಮತ್ತೆ ಕಟ್ಟಿದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಹುಟ್ಟಿತು. ಮಕ್ಕಳಿಗೆ ಶಾಲೆ ಇಲ್ಲ ಅಂದ್ರೆ ನಿಮ್ಮ ಗದ್ದೆಗೆ ಆಳೂ ಇಲ್ಲ ಎಂದು ತಂದೆತಾಯಂದಿರು ದುಡಿಮೆ ನಿಲ್ಲಿಸಿದರು.

ಅಯ್ಯನ್‌ಕಾಳಿಗೆ ಓದುಬರಹ ಬರುತ್ತಿರಲಿಲ್ಲ. ಅಕ್ಷರ ಸಿಗದವರೇ ಮಕ್ಕಳ ಅಕ್ಷರಕ್ಕಾಗಿ ಉಪವಾಸ ಬಿದ್ದ ಈ ಮುಷ್ಕರವನ್ನು ಬರೀ ಕೂಲಿಜಗಳ ಅನ್ನಲಾದೀತೆ? ಶಿಕ್ಷಣ ಚರಿತ್ರೆಯ ಮೊದಲ ಅಧ್ಯಾಯ ಇಲ್ಲಿಂದಲೇ ಶುರುವಾಗಬೇಕು.